ಲೆಕ್ಕಕ್ಕೆ ಸಿಗದ ಸೊಪ್ಪು

ಸಿಗರೇಟಿನ ಮೇಲೆ ತೆರಿಗೆ ಏರಿದಾಗಲೆಲ್ಲ ದೆಹಲಿಯಿಂದ ಒಂದೇ ಮಾತು ಕೇಳಿಬರುತ್ತದೆ: ತೆರಿಗೆ ಹೆಚ್ಚಾದರೆ ಕಳ್ಳ ಸಿಗರೇಟು ಹೆಚ್ಚುತ್ತದೆ, ಕೊನೆಗೆ ಹಾಳಾಗುವವನು ತಂಬಾಕು ಬೆಳೆಗಾರ. 2026ರ ಫೆಬ್ರವರಿ 1ರಿಂದ ಸಿಗರೇಟಿಗೆ ಶೇಕಡಾ 40ರ ಜಿಎಸ್‌ಟಿ ಬಂತು. ಅದರ ಮೇಲೆ ಉದ್ದಕ್ಕೆ ತಕ್ಕಂತೆ ಸಾವಿರ ಸಿಗರೇಟಿಗೆ 2,050 ರೂಪಾಯಿಯಿಂದ 8,500 ರೂಪಾಯಿವರೆಗೆ ಅಬಕಾರಿ ಸುಂಕವೂ ಬಂತು. ಆಗಲೂ ಇದೇ ಮಾತು. ಈ ಮಾತಿನಲ್ಲಿ ಬರುವ ಬೆಳೆಗಾರ ನಮ್ಮವನು. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ, ಕೋಟೆಯಿಂದ ಬೇರೆಯಾಗಿ ತಾಲ್ಲೂಕಾದ ನಮ್ಮ ಸರಗೂರು, ಈ ಸೀಮೆಯವನು. ಅವನ ಹೆಸರು ಹೇಳಿಕೊಂಡು ವಾದ ನಡೆಯುತ್ತದೆ, ಅವನ ಹೊಲದಲ್ಲಿ ನಡೆಯುವುದು ಮಾತ್ರ ವಾದದೊಳಗೆ ಬರುವುದೇ ಇಲ್ಲ.

ಬಂದಿದ್ದರೆ ಒಂದು ವಿಷಯ ಎದ್ದು ಕಾಣುತ್ತಿತ್ತು. ತಂಬಾಕಿನ ಅಕ್ರಮ ವ್ಯಾಪಾರ ಬಂದರಿನ ಕಂಟೇನರಿನಲ್ಲಿ, ವಿಮಾನ ನಿಲ್ದಾಣದ ಸೂಟ್‌ಕೇಸಿನಲ್ಲಿ ಮಾತ್ರ ಇಲ್ಲ. ಅದರ ಒಂದು ಕೊನೆ ಸೊಪ್ಪು ಬೇಯಿಸುವ ನಮ್ಮ ಬ್ಯಾರನ್ ಮನೆಯ ಬಾಗಿಲಲ್ಲೇ ಇದೆ.

ಹೊಗೆಸೊಪ್ಪು ಬೇರೆ ಬೆಳೆಗಳಂತಲ್ಲ. ರಾಗಿಯನ್ನೋ ಜೋಳವನ್ನೋ ಯಾರು ಬೇಕಾದರೂ ಬೆಳೆಯಬಹುದು, ಯಾರಿಗೆ ಬೇಕಾದರೂ ಮಾರಬಹುದು. ವರ್ಜೀನಿಯಾ ತಂಬಾಕಿಗೆ ಹಾಗಿಲ್ಲ. 1975ರ ತಂಬಾಕು ಮಂಡಳಿ ಕಾಯ್ದೆಯಂತೆ ಗುಂಟೂರಿನಲ್ಲಿ ಮುಖ್ಯ ಕಚೇರಿ ಇರುವ ಮಂಡಳಿಯಲ್ಲಿ ಬೆಳೆಗಾರ ಹೆಸರು ನೋಂದಾಯಿಸಿ ಕಾರ್ಡು ಪಡೆಯಬೇಕು. ಸೊಪ್ಪು ಬೇಯಿಸುವ ಬ್ಯಾರನ್‌ಗೆ ಲೈಸೆನ್ಸ್ ಬೇಕು. ಈ ವರ್ಷ ರಾಜ್ಯ ಎಷ್ಟು ಬೆಳೆಯಬೇಕೆಂದು ಮಂಡಳಿ ಮೊದಲೇ ನಿಗದಿ ಮಾಡುತ್ತದೆ. ಈಚಿನ ವರ್ಷಗಳಲ್ಲಿ ಕರ್ನಾಟಕಕ್ಕೆ ಅದು 10 ಕೋಟಿ ಕಿಲೊ ಆಸುಪಾಸು. ಅದನ್ನು ಸುಮಾರು 40 ಸಾವಿರ ಕಾರ್ಡುದಾರರಿಗೆ ಹಂಚಲಾಗುತ್ತದೆ. ಬೆಳೆದದ್ದನ್ನು ಮಂಡಳಿಯ ಹರಾಜು ಕೇಂದ್ರದಲ್ಲೇ ಮಾರಬೇಕು, ಬೇರೆಲ್ಲೂ ಮಾರುವಂತಿಲ್ಲ.

ಈ ಕಟ್ಟುಪಾಡು ರೈತನನ್ನು ಕಟ್ಟಿಹಾಕಲು ಬಂದದ್ದಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. 1984ರಲ್ಲಿ ಕರ್ನಾಟಕದಲ್ಲಿ ಹರಾಜು ಶುರುವಾಗುವ ಮೊದಲು ವ್ಯಾಪಾರಿ ಹೇಳಿದ್ದೇ ಬೆಲೆ, ಕೊಟ್ಟಾಗಲೇ ದುಡ್ಡು. ಹರಾಜು ಬಂದ ಮೇಲೆ ಪ್ರತಿ ಬೇಲ್‌ಗೂ ಒಂದು ಚೀಟಿ ಬಂತು. ಅದರಲ್ಲಿ ಬೆಳೆಗಾರನ ನಂಬರು, ತೂಕ, ಗ್ರೇಡು. ಕಟ್ಟೆಮಳಲವಾಡಿಯಲ್ಲೋ ಚಿಲ್ಕುಂದದಲ್ಲೋ ಕಂಪಲಾಪುರದಲ್ಲೋ ಹರಾಜಿನ ದಿನ ನಿಂತು ನೋಡಿದವರಿಗೆ ಇದು ಗೊತ್ತು. ಸಾಲಾಗಿ ಇಟ್ಟ ಬೇಲ್‌ಗಳ ನಡುವೆ ಕಂಪನಿಯವರು ನಡೆದು ಬರುತ್ತಾರೆ. ಒಂದು ಹಿಡಿ ಸೊಪ್ಪು ಎಳೆದು ಬಣ್ಣ ನೋಡಿ, ಬೆರಳಲ್ಲಿ ಹದ ನೋಡಿ ಬೆಲೆ ಕಟ್ಟುತ್ತಾರೆ. ಮಾರಿದ ದುಡ್ಡು ಬ್ಯಾಂಕ್ ಖಾತೆಗೆ ಬರುತ್ತದೆ. ಯಾರೂ ಕೊಳ್ಳದ ಬೇಲ್ 'ನೋ ಬಿಡ್' ಆಗಿ ಅದೇ ಗಾಡಿಯಲ್ಲಿ ಮನೆಗೆ ವಾಪಸಾಗುವುದೂ ಉಂಟು. ಅಂಥ ದಿನ ರೈತರು ಹರಾಜು ನಿಲ್ಲಿಸಿ ರಸ್ತೆಗಿಳಿದದ್ದನ್ನು ನಮ್ಮ ಸೀಮೆ ಎಷ್ಟೋ ಸಲ ಕಂಡಿದೆ. ಆದರೂ ಇಷ್ಟು ಲೆಕ್ಕಪತ್ರ ಇರುವ ಇನ್ನೊಂದು ಬೆಳೆ ಈ ಜಿಲ್ಲೆಯಲ್ಲಿ ಇಲ್ಲ.

ಹಾಗಿದ್ದರೂ ಲೆಕ್ಕ ತಪ್ಪುತ್ತದೆ. ಅದು ತಪ್ಪುವುದು ಕಾರ್ಡಿನಲ್ಲಿ.

ಒಂದು ಮನೆಯ ಉದಾಹರಣೆ ತೆಗೆದುಕೊಳ್ಳೋಣ; ಇಂಥ ಮನೆಗಳು ಪ್ರತಿ ಊರಿನಲ್ಲೂ ಇವೆ. ಅಪ್ಪನ ಹೆಸರಿನಲ್ಲಿ ಒಂದು ಕಾರ್ಡು, ಒಂದು ಬ್ಯಾರನ್. ಮೂವರು ಮಕ್ಕಳು ಪಾಲಾದರು. ಜಮೀನು ಮೂರು ಪಾಲಾಯಿತು, ಕಾರ್ಡು ಮೂರಾಗಲಿಲ್ಲ. ದೊಡ್ಡವನಿಗೆ ಕಾರ್ಡು ಹೋಯಿತು. ಉಳಿದ ಇಬ್ಬರಿಗೆ ಹೊಸ ಕಾರ್ಡು ಸಿಗುವುದು ಸುಲಭವಲ್ಲ, ಏಕೆಂದರೆ ತಂಬಾಕು ಪ್ರದೇಶ ವಿಸ್ತರಿಸುವುದಿಲ್ಲ ಎನ್ನುವುದು ಸರ್ಕಾರದ ಧೋರಣೆ. ಅವರಿಗೆ ಗೊತ್ತಿರುವ ಬೆಳೆ ಇದೊಂದೇ. ಕೆಂಪು ಮಸಬು ನೆಲ, ಮಳೆ ನಂಬಿದ ಬೇಸಾಯ, ಮೇ ತಿಂಗಳಿನಲ್ಲಿ ಸಸಿ ನಾಟಿ, ಶ್ರಾವಣದ ಹೊತ್ತಿಗೆ ಸೊಪ್ಪು ಮುರಿಯುವುದು. ಅವರೂ ಬ್ಯಾರನ್ ಕಟ್ಟುತ್ತಾರೆ, ಸೊಪ್ಪು ಬೇಯಿಸುತ್ತಾರೆ. ಕಾನೂನಿನ ಕಣ್ಣಿನಲ್ಲಿ ಅಣ್ಣ ಬೆಳೆಗಾರ, ತಮ್ಮಂದಿರು ಅನಧಿಕೃತರು. ಸೊಪ್ಪು ಒಂದೇ, ನೆಲ ಒಂದೇ, ನಡುವೆ ಇರುವುದು ಒಂದು ಬದು.

ಆ ತಮ್ಮನ ಸೊಪ್ಪು ಎಲ್ಲಿಗೆ ಹೋಗುತ್ತದೆ? ಮೂರು ದಾರಿಗಳಿವೆ. ಅಣ್ಣನದೋ ಪಕ್ಕದವನದೋ ಕಾರ್ಡಿನಲ್ಲಿ ಹರಾಜಿಗೆ ಹೋಗುತ್ತದೆ. ಆಗ ಕಾರ್ಡುದಾರ ಒಂದು ಪಾಲು ಹಿಡಿದುಕೊಳ್ಳುತ್ತಾನೆ. ಕಾರ್ಡನ್ನೇ ವರ್ಷಕ್ಕಿಷ್ಟು ಎಂದು ಬಾಡಿಗೆಗೆ ಕೊಟ್ಟು ಬೇಸಾಯ ಬಿಟ್ಟವರೂ ಇದ್ದಾರೆ. ಇಲ್ಲವೇ ದಂಡ ಕಟ್ಟಿ ಹರಾಜಿನಲ್ಲಿ ಮಾರಲು ಸರ್ಕಾರ ಆ ವರ್ಷ ಅವಕಾಶ ಕೊಡುತ್ತದೆಯೇ ಎಂದು ತಮ್ಮ ಕಾಯುತ್ತಾನೆ. ಕಾಯಲಾಗದಿದ್ದರೆ ಮೂರನೆಯ ದಾರಿ. ದಲ್ಲಾಳಿ ಮನೆಬಾಗಿಲಿಗೆ ಬರುತ್ತಾನೆ, ಹರಾಜಿನ ಬೆಲೆಗಿಂತ ಕಡಿಮೆಗೆ ಕೇಳುತ್ತಾನೆ, ನಗದು ಎಣಿಸಿ ಕೊಡುತ್ತಾನೆ. ಸೊಪ್ಪು ಸರಕುಗಾಡಿಯಲ್ಲಿ ಟಾರ್ಪಾಲಿನ ಕೆಳಗೆ ಜಿಲ್ಲೆ ದಾಟುತ್ತದೆ. ಮಂಡಳಿಯ ಅಧಿಕಾರಿಗಳು ಅಲ್ಲಲ್ಲಿ ಗಾಡಿ ಹಿಡಿಯುತ್ತಾರೆ, ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಸುದ್ದಿ ಬರುತ್ತದೆ. ಹಿಡಿದಾಗ ಸಿಕ್ಕಿಬೀಳುವವರು ಡ್ರೈವರ್ ಮತ್ತು ರೈತ. ಆ ಸೊಪ್ಪನ್ನು ಕೊನೆಗೆ ಯಾರು ಕೊಳ್ಳುತ್ತಿದ್ದರು, ಯಾವ ಊರಿನ ಯಾವ ಶೆಡ್ಡಿನಲ್ಲಿ ಅದು ಸಿಗರೇಟಾಗಿ ಸುತ್ತಿಕೊಳ್ಳುತ್ತಿತ್ತು ಎಂಬ ಕಡೆಗೆ ತನಿಖೆ ಹೋಗುವುದು ಅಪರೂಪ.

ಅದೇ ಕೇಳಬೇಕಾದ ಪ್ರಶ್ನೆ. ಸುಂಕ ಕಟ್ಟದೆ ದೇಶದೊಳಗೇ ತಯಾರಾಗುವ ಸಿಗರೇಟಿಗೂ ಸೊಪ್ಪು ಬೇಕು. ಆ ಸೊಪ್ಪು ಹರಾಜಿನ ಚೀಟಿಯೊಂದಿಗೆ ಬರುವುದಿಲ್ಲ, ಚೀಟಿ ಇದ್ದರೆ ಜಾಡು ಸಿಕ್ಕಿಬಿಡುತ್ತದೆ. ಲೆಕ್ಕಕ್ಕೆ ಸಿಗದ ಸಿಗರೇಟಿಗೆ ಲೆಕ್ಕಕ್ಕೆ ಸಿಗದ ಸೊಪ್ಪೇ ಆಗಬೇಕು. ತೆರಿಗೆ ಇಳಿಸಿದರೂ ಏರಿಸಿದರೂ ಈ ತೂತು ಮುಚ್ಚುವುದಿಲ್ಲ.

ಸರ್ಕಾರ ಇಲ್ಲಿ ಮಾಡಿಕೊಂಡು ಬಂದಿರುವುದು ವರ್ಷವರ್ಷದ ಕ್ಷಮಾದಾನ. ಹೆಚ್ಚುವರಿ ಬೆಳೆದ ಕಾರ್ಡುದಾರರೂ ಕಾರ್ಡಿಲ್ಲದವರೂ ಹರಾಜಿನಲ್ಲಿ ಮಾರಬಹುದು ಎಂದು ಕೇಂದ್ರ ವಾಣಿಜ್ಯ ಸಚಿವಾಲಯ ಆದೇಶ ಕೊಡುತ್ತದೆ. ಕೆಲವು ವರ್ಷ ದಂಡದೊಂದಿಗೆ, ಕೆಲವು ವರ್ಷ ದಂಡ ಬಿಟ್ಟು. ಸಂಸದರು, ಶಾಸಕರು ದೆಹಲಿಗೆ ಹೋಗಿ ಮನವಿ ಕೊಟ್ಟ ಮೇಲೆ, ಹಂಗಾಮು ಅರ್ಧ ಕಳೆದಾಗ ಇದು ಆಗುತ್ತದೆ. ಆ ವೇಳೆಗೆ ಸಾಲದ ಬಡ್ಡಿ ತಾಳಲಾರದವನು ದಲ್ಲಾಳಿಗೆ ಕೊಟ್ಟಾಗಿರುತ್ತದೆ. ಕಾದವನಿಗೆ ಲಾಭ, ಕಾಯಲಾರದ ಬಡವನಿಗೆ ನಷ್ಟ. ಮುಂದಿನ ವರ್ಷವೂ ಹೀಗೇ ಅವಕಾಶ ಸಿಗುತ್ತದೆಂದು ನಂಬಿ ಇನ್ನಷ್ಟು ಜನ ಕಾರ್ಡಿಲ್ಲದೆ ನಾಟಿ ಮಾಡುತ್ತಾರೆ. ನಿಷೇಧವೂ ಆಗಲಿಲ್ಲ, ಮಾನ್ಯತೆಯೂ ಆಗಲಿಲ್ಲ. ಬೆಳೆ ಕಡಿಮೆ ಮಾಡಬೇಕೆನ್ನುವ ಗುರಿಗೂ ರೈತನ ಗೌರವಕ್ಕೂ ಇದರಿಂದ ಧಕ್ಕೆಯೇ.

ಇನ್ನು ಸಿಗರೇಟ್ ಪ್ಯಾಕಿನ ಕಡೆಗೆ ಬರೋಣ. ದೇಶದಲ್ಲಿ ಮಾರುವ ಸಿಗರೇಟಿನಲ್ಲಿ ಕಾಲು ಭಾಗ ಅಕ್ರಮ ಎಂದು ಉದ್ಯಮದ ಸಂಘಟನೆಗಳು ಹೇಳುತ್ತವೆ. ಅರ್ಥಶಾಸ್ತ್ರಜ್ಞರಾದ ರಿಜೊ ಜಾನ್ ಮತ್ತು ಹನಾ ರಾಸ್ ಅಂಗಡಿಗಳಿಂದ ಖಾಲಿ ಪ್ಯಾಕುಗಳನ್ನು ಸಂಗ್ರಹಿಸಿ ಪರೀಕ್ಷಿಸಿದ ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅವರಿಗೆ ಸಿಕ್ಕ ಅಕ್ರಮ ಪ್ಯಾಕುಗಳು ಶೇಕಡಾ 3ಕ್ಕಿಂತ ಕಡಿಮೆ. ಕಾಲು ಭಾಗ ಎಲ್ಲಿ, ನೂರಕ್ಕೆ ಮೂರು ಎಲ್ಲಿ! ಖಾಲಿ ಪ್ಯಾಕಿನ ಲೆಕ್ಕ ಕೆಲವೇ ನಗರಗಳದು, ಹಳ್ಳಿಯ ಅಂಗಡಿಗೆ ಅದು ಬಂದಿಲ್ಲ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಆ ಲೆಕ್ಕ ಹೇಗೆ ಮಾಡಿದರು ಎಂಬುದು ಎಲ್ಲರ ಮುಂದಿದೆ, ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದು. ತೆರಿಗೆ ಇಳಿಸಿದರೆ ಲಾಭ ಯಾರಿಗೋ ಅವರೇ ಹೇಳುವ ಅಂಕಿಗಿಂತ ನಾನು ಈ ಲೆಕ್ಕವನ್ನೇ ಹೆಚ್ಚು ನಂಬುತ್ತೇನೆ.

ಕಳ್ಳ ಪ್ಯಾಕನ್ನು ಗುರುತಿಸುವುದು ಕಷ್ಟವೇನಲ್ಲ. 2016ರ ಏಪ್ರಿಲ್‌ನಿಂದ ನಮ್ಮ ದೇಶದಲ್ಲಿ ಮಾರುವ ಪ್ಯಾಕಿನ ಮುಂದೆ ಹಿಂದೆ ಎರಡೂ ಕಡೆ ಶೇಕಡಾ 85 ಭಾಗ ಚಿತ್ರಸಹಿತ ಎಚ್ಚರಿಕೆ ಇರಬೇಕು. 2017ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟ್ ಈ ನಿಯಮವನ್ನು ರದ್ದು ಮಾಡಿತ್ತು. ಮರು ತಿಂಗಳೇ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು, ಚಿತ್ರ ಉಳಿಯಿತು. ಆ ಚಿತ್ರ ಇಲ್ಲದ, ರೂಪಾಯಿಯಲ್ಲಿ ಬೆಲೆ ಅಚ್ಚಾಗದ 'ಪ್ಯಾರಿಸ್', 'ಗುಡಾಂಗ್ ಗರಂ', 'ಎಸ್ಸೆ' ಇತ್ಯಾದಿ ಪ್ಯಾಕುಗಳನ್ನೇ ಕಂದಾಯ ಗುಪ್ತಚರ ನಿರ್ದೇಶನಾಲಯ ಬಂದರುಗಳಲ್ಲಿ, ಈಶಾನ್ಯದ ಗಡಿಯಲ್ಲಿ ಹಿಡಿಯುವುದು. ಆದರೆ ನಮ್ಮಲ್ಲಿ ಪ್ಯಾಕು ಕೊಳ್ಳುವವರು ಎಷ್ಟು ಜನ? ಬಸ್‌ಸ್ಟ್ಯಾಂಡಿನ ಪೆಟ್ಟಿಗೆ ಅಂಗಡಿಯಲ್ಲಿ 'ಒಂದು ಕೊಡಿ' ಎಂದು ಬಿಡಿಯಾಗಿ ಕೊಳ್ಳುವವರೇ ಹೆಚ್ಚು. ಬಿಡಿ ಸಿಗರೇಟಿನ ಮೇಲೆ ಎಚ್ಚರಿಕೆಯೂ ಇಲ್ಲ, ಬೆಲೆಯೂ ಇಲ್ಲ. ಸುಂಕ ಕಟ್ಟಿದ್ದೋ ಕದ್ದದ್ದೋ ಕೊಳ್ಳುವವನಿಗೆ ತಿಳಿಯುವುದಿಲ್ಲ. ರಾಜ್ಯ ಸರ್ಕಾರ 2024ರಲ್ಲಿ ತಂಬಾಕು ನಿಯಂತ್ರಣ ಕಾಯ್ದೆಗೆ ತಂದ ತಿದ್ದುಪಡಿ ಬಿಡಿ ಮಾರಾಟವನ್ನು ನಿಷೇಧಿಸಿದೆ, ಕೊಳ್ಳುವವರ ವಯಸ್ಸನ್ನು 21ಕ್ಕೆ ಏರಿಸಿದೆ, ಸಾರ್ವಜನಿಕ ಜಾಗದಲ್ಲಿ ಸೇದಿದರೆ ದಂಡವನ್ನು 200ರಿಂದ 1,000 ರೂಪಾಯಿಗೆ ಒಯ್ದಿದೆ. 2025ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು ಅದು ಕಾನೂನಾಯಿತು. ಕಳ್ಳ ಸಿಗರೇಟಿನ ವಿರುದ್ಧ ನಮ್ಮ ಕೈಯಲ್ಲಿರುವ ಒಳ್ಳೆಯ ಅಸ್ತ್ರ ಇದು. ಪೇಟೆಯಲ್ಲಿ ಅದರ ಜಾರಿ ಎಷ್ಟಾಗಿದೆ ಎಂಬುದನ್ನು ಯಾರು ಬೇಕಾದರೂ ಒಂದು ಸಂಜೆ ಅಂಗಡಿ ಮುಂದೆ ನಿಂತು ನೋಡಬಹುದು.

ತೆರಿಗೆ ಇಳಿಸಿ ಕಳ್ಳಸಾಗಣೆ ನಿಲ್ಲಿಸುವ ಪ್ರಯೋಗ ಜಗತ್ತಿನಲ್ಲಿ ಆಗಿಹೋಗಿದೆ. 1994ರಲ್ಲಿ ಕೆನಡಾ ಸಿಗರೇಟಿನ ತೆರಿಗೆಯನ್ನು ಭಾರಿಯಾಗಿ ಕಡಿತ ಮಾಡಿತು. ಸಿಗರೇಟು ಅಗ್ಗವಾಯಿತು, ಹುಡುಗರು ಸೇದುವುದು ಹೆಚ್ಚಾಯಿತು, ಸರ್ಕಾರದ ಬೊಕ್ಕಸ ಬಡವಾಯಿತು. ಹೊರಬಿದ್ದ ಸತ್ಯ ಇನ್ನೂ ಘೋರ. ಗಡಿಯಾಚೆ ಅಮೆರಿಕಕ್ಕೆ ರಫ್ತಾಗಿ ಕಳ್ಳದಾರಿಯಲ್ಲಿ ಮತ್ತೆ ಕೆನಡಾಕ್ಕೆ ಬರುತ್ತಿದ್ದ ಸಿಗರೇಟನ್ನು ಪೂರೈಸುತ್ತಿದ್ದವು ಅಲ್ಲಿನ ದೊಡ್ಡ ಕಂಪನಿಗಳೇ. 2008ರಲ್ಲಿ ಇಂಪೀರಿಯಲ್ ಟೊಬ್ಯಾಕೊ ಕೆನಡಾ ಮತ್ತು ರೋಥ್‌ಮನ್ಸ್, ಬೆನ್ಸನ್ ಅಂಡ್ ಹೆಡ್ಜಸ್ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡವು. ಎರಡೂ ಸೇರಿ ಕಟ್ಟಲು ಒಪ್ಪಿದ್ದು 100 ಕೋಟಿ ಡಾಲರಿಗೂ ಹೆಚ್ಚು. ಬ್ರಿಟನ್ ಬೇರೆ ದಾರಿ ಹಿಡಿಯಿತು. 2000ದ ಹೊತ್ತಿಗೆ ಅಲ್ಲಿ ಐದರಲ್ಲಿ ಒಂದು ಸಿಗರೇಟು ಕಳ್ಳಮಾಲು. ತೆರಿಗೆ ಇಳಿಸದೆ ಬಂದರಿನಲ್ಲಿ ಸ್ಕ್ಯಾನರ್ ಹಾಕಿದರು, ಸುಂಕದ ಸಿಬ್ಬಂದಿ ಹೆಚ್ಚಿಸಿದರು, ತಮ್ಮ ಮಾಲು ಕಳ್ಳದಾರಿಗೆ ಹೋಗದಂತೆ ನೋಡಿಕೊಳ್ಳುವ ಹೊಣೆಯನ್ನು ಕಂಪನಿಗಳ ಮೇಲೆ ಹೊರಿಸಿದರು. ಹತ್ತು ಹನ್ನೆರಡು ವರ್ಷಗಳಲ್ಲಿ ಆ ಪಾಲು ಅರ್ಧಕ್ಕೆ ಇಳಿಯಿತು, ತೆರಿಗೆ ಏರುತ್ತಲೇ ಇತ್ತು.

ತೆರಿಗೆ ಏರಿದರೆ ಮೈಸೂರು ಸೊಪ್ಪಿಗೆ ಬೆಲೆ ಬೀಳುತ್ತದೆ ಎಂಬ ಹೆದರಿಕೆಯನ್ನೂ ಹತ್ತಿರದಿಂದ ನೋಡಬೇಕು. ನಮ್ಮ ಸೊಪ್ಪಿನ ದೊಡ್ಡ ಪಾಲು ಹೊರದೇಶಕ್ಕೆ ಹೋಗುತ್ತದೆ. 2023-24ರಲ್ಲಿ ಕರ್ನಾಟಕದ ಸರಾಸರಿ ಬೆಲೆ ಕಿಲೊಗೆ 256 ರೂಪಾಯಿಯ ಸುತ್ತಮುತ್ತ ಬಂತು, ಹಿಂದಿನ ವರ್ಷ 228ರ ಆಸುಪಾಸು ಇದ್ದದ್ದು. ದೇಶದಲ್ಲಿ ಸಿಗರೇಟಿನ ತೆರಿಗೆ ಆಗ ಇಳಿದಿರಲಿಲ್ಲ. 2023ರ ಬಜೆಟ್‌ನಲ್ಲಿ ಏರಿತ್ತು. ಬೆಲೆ ಏರಿಸಿದ್ದು ಹೊರದೇಶದ ಮಾರುಕಟ್ಟೆ. 2015ರಲ್ಲಿ ಬೆಲೆ ಕುಸಿದು ಹುಣಸೂರು, ಪಿರಿಯಾಪಟ್ಟಣದ ರೈತರು ಆತ್ಮಹತ್ಯೆ ಮಾಡಿಕೊಂಡ ಕಹಿ ಇನ್ನೂ ಆರಿಲ್ಲ. ಆಗ ಕೊಳ್ಳುವವರು ಬೆಲೆ ಕೂಗಲಿಲ್ಲ ಎಂಬುದೇ ಹರಾಜು ಕಟ್ಟೆಯಲ್ಲಿ ಕೇಳಿಬಂದ ದೂರು. ದೇಶದೊಳಗಿನ ಬೇಡಿಕೆ ಬೆಲೆಗೆ ಸಂಬಂಧವೇ ಇಲ್ಲ ಎನ್ನುವುದಿಲ್ಲ. ಆದರೆ ರೈತನ ಹೊಟ್ಟೆಪಾಡನ್ನು ಸಿಗರೇಟಿನ ತೆರಿಗೆಗೆ ಗಂಟುಹಾಕುವವರು ಹರಾಜಿನಲ್ಲಿ ಕೊಳ್ಳುವವರ ಸಂಖ್ಯೆ ಹೆಚ್ಚಲಿ ಎಂದು ಇಷ್ಟೇ ಗಟ್ಟಿಯಾಗಿ ಕೇಳಿದ್ದರೆ ನಾನು ಅವರ ಪಕ್ಕ ನಿಲ್ಲುತ್ತಿದ್ದೆ.

ನಮ್ಮ ಗಡಿಯಲ್ಲಿ ಇನ್ನೊಂದು ವ್ಯಾಪಾರವಿದೆ, ಸಿಗರೇಟಿನ ಗದ್ದಲದಲ್ಲಿ ಅದು ಮರೆಯಾಗುತ್ತದೆ. ಸರಗೂರು, ಕೋಟೆಯ ಪಕ್ಕವೇ ಕೇರಳದ ವಯನಾಡು. ಕೇರಳ 2012ರಲ್ಲೇ ಗುಟ್ಕಾ ನಿಷೇಧಿಸಿತು, ಕರ್ನಾಟಕ 2013ರಲ್ಲಿ. ಇಲ್ಲಿ ಕಂಪನಿಗಳು ಪಾನ್ ಮಸಾಲೆಯನ್ನೂ ತಂಬಾಕನ್ನೂ ಎರಡು ಬೇರೆ ಪೊಟ್ಟಣ ಮಾಡಿ ಜೊತೆಗೇ ತೂಗುಹಾಕಿದವು, ಮಾರಾಟ ಮುಂದುವರಿಯಿತು. ಇಲ್ಲಿ ಅಂಗಡಿಯಲ್ಲಿ ರಾಜಾರೋಷವಾಗಿ ಸಿಗುವ 'ಹ್ಯಾನ್ಸ್' ಪೊಟ್ಟಣ ಬಾವಲಿ ಚೆಕ್‌ಪೋಸ್ಟ್ ದಾಟಿದರೆ ಕಳ್ಳಮಾಲು, ಬೆಲೆ ಹಲವು ಪಟ್ಟು. ತರಕಾರಿ ಮೂಟೆಯ ಅಡಿಯಲ್ಲಿ, ಬಸ್ಸಿನ ಸೀಟಿನ ಕೆಳಗೆ ಇಟ್ಟು ಒಯ್ಯುವವರನ್ನು ಬಾವಲಿಯಲ್ಲಿ, ಮುತ್ತಂಗದಲ್ಲಿ ಕೇರಳದ ಅಬಕಾರಿಯವರು ಹಿಡಿಯುತ್ತಲೇ ಇರುತ್ತಾರೆ. ಒಯ್ಯುವವರು ಹೆಚ್ಚಿನಂಶ ಕೂಲಿ ಹುಡುಗರು. ಒಂದು ರಾಜ್ಯ ಬಾಗಿಲು ಹಾಕಿ ಪಕ್ಕದ ರಾಜ್ಯ ತೆರೆದಿಟ್ಟರೆ ಆಗುವುದು ಇಷ್ಟೇ. ದೇಶದಲ್ಲಿ ತಂಬಾಕು ಬಳಸುವ ವಯಸ್ಕರು ನೂರಕ್ಕೆ 28.6 ಎಂದು 2016-17ರ ರಾಷ್ಟ್ರೀಯ ಸಮೀಕ್ಷೆ ಹೇಳಿತು. ಅಗಿಯುವುದೂ ಸೇರಿದಂತೆ ಹೊಗೆಯಿಲ್ಲದ ತಂಬಾಕು ಬಳಸುವವರೇ 21.4, ಸಿಗರೇಟು ಸೇದುವವರು 4. ಹೆಚ್ಚು ಜನ ಬಳಸುವ ಮಾಲಿನ ಅಕ್ರಮದ ಬಗ್ಗೆ ಚರ್ಚೆ ಕಡಿಮೆ, ಏಕೆಂದರೆ ಅದನ್ನು ಎಣಿಸಿ ವರದಿ ಬರೆಸಲು ದುಡ್ಡು ಕೊಡುವವರಿಲ್ಲ.

ಪರಿಹಾರದ ಚೌಕಟ್ಟು ಕಾಗದದ ಮೇಲೆ ಇದೆ. ತಂಬಾಕಿನ ಅಕ್ರಮ ವ್ಯಾಪಾರ ತಡೆಯುವ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 2018ರ ಜೂನ್‌ನಲ್ಲಿ ಸೇರಿತು, ಅದೇ ಸೆಪ್ಟೆಂಬರ್‌ನಲ್ಲಿ ಒಪ್ಪಂದ ಜಾರಿಗೆ ಬಂತು. ಪ್ರತಿ ಸಿಗರೇಟ್ ಪ್ಯಾಕಿಗೂ ಕಾರ್ಖಾನೆಯಿಂದಲೇ ಗುರುತು ಹಾಕಿ ಜಾಡು ಹಿಡಿಯುವ ವ್ಯವಸ್ಥೆಯನ್ನು ಐದು ವರ್ಷದೊಳಗೆ ಮಾಡಬೇಕೆಂದು ಅದು ಹೇಳುತ್ತದೆ. 2025ರ ಹಣಕಾಸು ಕಾಯ್ದೆ ಜಿಎಸ್‌ಟಿ ಕಾನೂನಿನಲ್ಲಿ ಅದಕ್ಕೆ ಜಾಗ ಮಾಡಿತು. ಈ ಗುರುತಿನ ಕೆಲಸ ಕಂಪನಿಗಳ ಕೈಗೆ ಹೋಗಬಾರದು, ಸರ್ಕಾರದ ಕೈಯಲ್ಲೇ ಇರಬೇಕು. ಪ್ಯಾಕಿನಿಂದ ಶುರುವಾಗಿ ಅಲ್ಲಿಗೇ ನಿಲ್ಲಲೂಬಾರದು. ಹರಾಜು ಕಟ್ಟೆಯ ಬೇಲ್ ಚೀಟಿ ನಾಲ್ಕು ದಶಕದಿಂದ ನಮ್ಮಲ್ಲಿದೆ. ಆ ಚೀಟಿಯ ನಂಬರನ್ನು ಸೊಪ್ಪು ಸಂಸ್ಕರಿಸುವ ಕಾರ್ಖಾನೆಯವರೆಗೆ, ಅಲ್ಲಿಂದ ಸಿಗರೇಟ್ ಕಾರ್ಖಾನೆಯವರೆಗೆ ಒಯ್ದು ಜೋಡಿಸಿದರೆ ಚೀಟಿಯಿಲ್ಲದ ಸೊಪ್ಪಿಗೆ ಗಿರಾಕಿ ಇರುವುದಿಲ್ಲ. ಗಾಡಿ ಹಿಡಿದಾಗ ಕೊಳ್ಳುವವನ ಮೇಲೂ ಕೇಸು ಬೀಳಬೇಕು.

ಕಾರ್ಡಿಲ್ಲದವರ ವಿಷಯದಲ್ಲಿ ವರ್ಷವರ್ಷದ ಕ್ಷಮಾದಾನ ನಿಲ್ಲಿಸಿ ಒಂದೇ ಸಲ ಇತ್ಯರ್ಥ ಮಾಡಬೇಕು. ಇರುವ ಬ್ಯಾರನ್‌ಗಳನ್ನೆಲ್ಲ ಊರೂರಿಗೆ ಹೋಗಿ ಎಣಿಸಲಿ. ಸಾಗುವಳಿ ಮಾಡುತ್ತಿರುವವನ ಹೆಸರಿಗೇ ಕಾರ್ಡು ಬರಲಿ, ಪಾಲಾದ ಅಣ್ಣತಮ್ಮಂದಿರಿಗೆ ಕೋಟಾವೂ ಪಾಲಾಗಲಿ. ಬೇಸಾಯ ಬಿಟ್ಟು ಕಾರ್ಡು ಬಾಡಿಗೆಗೆ ಕೊಟ್ಟವನ ಕಾರ್ಡು ರದ್ದಾಗಲಿ. ಒಟ್ಟು ಪ್ರಮಾಣ ಮಾತ್ರ ಏರದಿರಲಿ, ವರ್ಷವರ್ಷವೂ ಸ್ವಲ್ಪ ಇಳಿಯುತ್ತ ಹೋಗಲಿ. ಇದಕ್ಕೆ ಕಾರ್ಡುದಾರರು ಒಪ್ಪುವುದಿಲ್ಲ, ಅವರ ಪಾಲು ಕರಗುತ್ತದೆ. ಅವರ ಆಕ್ಷೇಪಣೆಗೆ ಉತ್ತರವಾಗಿ ಕಾರ್ಡು ಒಪ್ಪಿಸಿ ಹೊರಹೋಗುವವನಿಗೆ ಕೈತುಂಬ ಪರಿಹಾರ ಕೊಡಬೇಕು. ಏರಿದ ಸುಂಕದ ಒಂದು ಸಣ್ಣ ಭಾಗ ಸಾಕು ಅದಕ್ಕೆ.

ಹೊರಹೋಗಿ ಏನು ಬೆಳೆಯುವುದು? ತಂಬಾಕು ಬೆಳೆಯುವ ರಾಜ್ಯಗಳಿಗೆ 2015-16ರಿಂದ ಬೆಳೆ ಪರಿವರ್ತನೆ ಯೋಜನೆ ಇದೆ. ನಮ್ಮ ಹೊಲಗಳಲ್ಲಿ ಅದರ ಗುರುತು ಹುಡುಕಬೇಕು. ಶುಂಠಿ ಹಾಕಿದವರು ಒಂದು ವರ್ಷ ಮನೆ ಕಟ್ಟಿದರು, ಮರುವರ್ಷ ಕೊಳೆರೋಗಕ್ಕೆ ಹೊಲ ಬಿಟ್ಟರು. ಸರಗೂರು ಕಡೆಯ ಹತ್ತಿಗೂ ಮಳೆಯದೇ ಹಂಗು. ರೈತ ಸೊಪ್ಪನ್ನು ಬಿಡದಿರುವುದು ಅದರ ಮೇಲಿನ ಪ್ರೀತಿಗಲ್ಲ. ಒಲೆಯ ಮುಂದೆ ರಾತ್ರಿಯೆಲ್ಲ ಕೂತು ಸೌದೆ ತಳ್ಳುವ ಕೆಲಸ ಯಾರಿಗೂ ಪ್ರಿಯವಲ್ಲ. ಒಂದು ಕಿಲೊ ಸೊಪ್ಪು ಬೇಯಿಸಲು ನಾಲ್ಕೈದು ಕಿಲೊ ಸೌದೆ ಬೇಕು, ಅದು ಬರುವುದು ನಾಗರಹೊಳೆಯ ಅಂಚಿನ ನಮ್ಮದೇ ಮರಗಳಿಂದ. ಹಸಿ ಸೊಪ್ಪು ಮುರಿಯುವ ಹೆಂಗಸರಿಗೆ ಅದರ ರಸ ತಾಗಿ ತಲೆ ಸುತ್ತಿ ವಾಂತಿಯಾಗುವುದು ಎಲ್ಲ ಮನೆಯವರಿಗೂ ಗೊತ್ತು. ಆದರೂ ಬಿಡುವುದಿಲ್ಲ, ಏಕೆಂದರೆ ತೂಕ ಮಾಡಿ, ಬೆಲೆ ಕೂಗಿ, ಬ್ಯಾಂಕಿಗೆ ದುಡ್ಡು ಹಾಕುವ ಕಟ್ಟೆ ಇರುವುದು ಇದೊಂದೇ ಬೆಳೆಗೆ. ಅದೇ ಕಟ್ಟೆ, ಅದೇ ಗೋದಾಮು ವರ್ಷದಲ್ಲಿ ಹಲವು ತಿಂಗಳು ಖಾಲಿ ಇರುತ್ತವೆ, ಅಲ್ಲಿನ ಸಿಬ್ಬಂದಿಗೂ ಹರಾಜಿನ ಕೆಲಸವಿರುವುದಿಲ್ಲ. ಅಲ್ಲೇ ರಾಗಿ, ಅಲಸಂದೆ, ಹುರುಳಿ, ಮೆಕ್ಕೆಜೋಳದ ಹರಾಜೂ ನಡೆಯಲಿ, ಬೇಲ್‌ಗೆ ಹಾಕಿದಂತೆ ಮೂಟೆಗೂ ಚೀಟಿ ಹಾಕಲಿ.

ಮಂಡಳಿಯೂ ಈ ಸೀಮೆಯ ಸಂಸದರು, ಶಾಸಕರೂ ಮುಂದಿನ ಹಂಗಾಮಿನ ಸಸಿಮಡಿ ಬೀಳುವ ಮೊದಲೇ ಕಾರ್ಡಿಲ್ಲದ ಬೆಳೆಗಾರರ ಪಟ್ಟಿ ಮಾಡಿಸಲಿ. ಹರಾಜು ಅರ್ಧ ಮುಗಿದ ಮೇಲೆ ದೆಹಲಿಗೆ ಮನವಿ ಒಯ್ಯುವುದರಿಂದ ದಲ್ಲಾಳಿಗೇ ಲಾಭ.